ಪಿಟೀಲು ಕೊಟ್ಟರೆ ಸಾಲದು, ಮೇಷ್ಟ್ರೂ ಬೇಕು

'ಆರ್ಕೆಸ್ಟ್ರಾ' ಎಂದೊಡನೆ ನಮ್ಮೂರ ಕಡೆಯವರಿಗೆ ನೆನಪಾಗುವುದು ಗಣೇಶೋತ್ಸವದ ಪೆಂಡಾಲಿನ ಸಿನಿಮಾ ಹಾಡುಗಳು. ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ವಾದ್ಯವೃಂದದ ಬಗ್ಗೆ. ಪಿಟೀಲು, ಕೊಳಲು, ಕಹಳೆ ಹಿಡಿದ ಹತ್ತಾರು ಮಕ್ಕಳು ನಿರ್ದೇಶಕರ ಕೈಸನ್ನೆಗೆ ಒಟ್ಟಾಗಿ ನುಡಿಸುವ ಸಂಗೀತವದು. ಪಟ್ಟಣದಲ್ಲಿ ಶುಲ್ಕ ಕಟ್ಟಬಲ್ಲವರ ಮಕ್ಕಳಿಗೆ ಈ ಪಾಠ ದೊರೆಯುತ್ತದೆ. ಹಳ್ಳಿಯ ಮಕ್ಕಳಿಗೆ ದೊರೆಯುವುದು ಹೇಗೆ? ಖರ್ಚನ್ನು ಯಾರು ಹೊರಬೇಕು?

ನಾವಿರುವ ಒಮಾನಿನಲ್ಲೇ ಒಂದು ಉತ್ತರವಿದೆ. 1985ರಲ್ಲಿ ಸುಲ್ತಾನ್ ಖಾಬೂಸ್ ಅವರ ಆಜ್ಞೆಯಂತೆ ರಾಯಲ್ ಒಮಾನ್ ಸಿಂಫನಿ ಆರ್ಕೆಸ್ಟ್ರಾ ಆರಂಭವಾಯಿತು. ಅಲ್ಲಿಯವರೆಗೆ ಪಿಟೀಲನ್ನು ಕೈಯಲ್ಲಿ ಹಿಡಿಯದಿದ್ದ ಒಮಾನಿ ಮಕ್ಕಳನ್ನು ಆರಿಸಿ, ಹೊರದೇಶಗಳಿಂದ ಶಿಕ್ಷಕರನ್ನು ಕರೆಸಿ ಕಲಿಸಲಾಯಿತು. 1987ರಲ್ಲಿ ಅವರು ಮೊದಲ ಕಛೇರಿ ನೀಡಿದರು. ಮಸ್ಕತ್ತಿನ ರಾಯಲ್ ಒಪೆರಾ ಹೌಸ್ ಬಾಗಿಲು ತೆರೆದದ್ದು 2011ರಲ್ಲಿ. ಮೊದಲು ಕಲಾವಿದರು, ಆಮೇಲೆ ಕಟ್ಟಡ! ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತಿರುಗುಮುರುಗು.

ಎಲ್ಲ ಊರಿಗೂ ಸುಲ್ತಾನರು ಇರುವುದಿಲ್ಲ, ನಿಜ. ಪಶ್ಚಿಮ ಬಂಗಾಳದ ಗುಡ್ಡಗಾಡಿನ ಕಾಲಿಂಪಾಂಗ್‌ನಲ್ಲಿ ಫಾದರ್ ಎಡ್ವರ್ಡ್ ಮೆಕ್‌ಗ್ವಾಯರ್ ಅವರು 1993ರಲ್ಲಿ ಗಾಂಧಿ ಆಶ್ರಮ ಶಾಲೆಯನ್ನು ತೆರೆದರು. ಕೂಲಿಕಾರರ ಮಕ್ಕಳಿಗೆ ಅಲ್ಲಿ ಓದು, ಊಟ, ಜೊತೆಗೆ ಪಿಟೀಲು. ಶಾಲೆ ನಡೆದು ಬಂದದ್ದು ದಾನಿಗಳ ನೆರವಿನಿಂದ. ಅಲ್ಲಿ ಕಲಿತ ಕೆಲವರು ಸಂಗೀತವನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದಾರೆ.

ವೆನೆಜುವೆಲಾ ದೇಶದ ಕಥೆ ಇನ್ನೂ ದೊಡ್ಡದು. 1975ರಲ್ಲಿ ಹೊಸೆ ಆಂಟೋನಿಯೊ ಅಬ್ರೇಯು ಎಂಬವರು ಬೆರಳೆಣಿಕೆಯ ಮಕ್ಕಳೊಂದಿಗೆ ಆರಂಭಿಸಿದ 'ಎಲ್ ಸಿಸ್ಟೆಮಾ' ಸರಕಾರದ ಹಣದಿಂದ ದೇಶದ ಮೂಲೆಮೂಲೆಗೂ ಹಬ್ಬಿ, ಲಕ್ಷಾಂತರ ಬಡ ಮಕ್ಕಳಿಗೆ ವಾದ್ಯ ಕಲಿಸಿತು. ಆದರೆ ಮುಂದೆ ದೇಶದ ಆರ್ಥಿಕ ಸ್ಥಿತಿ ಕುಸಿದಾಗ ಅನೇಕ ಶಿಕ್ಷಕರು, ಕಲಾವಿದರು ಹೊಟ್ಟೆಪಾಡಿಗಾಗಿ ದೇಶ ಬಿಟ್ಟರು. ಒಂದೇ ಬೊಕ್ಕಸವನ್ನು ನಂಬಿದರೆ ಆಗುವ ಅಪಾಯವಿದು.

ಈ ಮೂರರಿಂದಲೂ ನಾನು ಕಲಿತ ಪಾಠ ಒಂದೇ: ವಾದ್ಯ ಕೊಡುವುದು ಒಂದು ದಿನದ ಖರ್ಚು, ಕಲಿಸುವುದು ಹತ್ತು ವರ್ಷದ ಖರ್ಚು. ನಾನು ಓದಿದ ಹಳ್ಳಿಯ ಶಾಲೆಗೆ ಪುಣ್ಯಾತ್ಮರೊಬ್ಬರು ಹಾರ್ಮೋನಿಯಂ ಕೊಟ್ಟಿದ್ದರು. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಅದನ್ನು ಹೊರತೆಗೆದು ಮೇಜಿನ ಮೇಲೆ ಇಡುತ್ತಿದ್ದರು. ನುಡಿಸಲು ಯಾರಿಗೂ ಬರುತ್ತಿರಲಿಲ್ಲ. ನಾನು ಏಳನೇ ತರಗತಿಗೆ ಬರುವಷ್ಟರಲ್ಲಿ ಇಲಿ ಅದರ ತಿದಿಯನ್ನು ಕಡಿದು ಹಾಕಿತ್ತು.

"ಕುಡಿಯುವ ನೀರೇ ಸರಿಯಿಲ್ಲದ ಶಾಲೆಗೆ ಪಿಟೀಲು ಏಕೆ?" ಎಂದು ಕೆಲವರು ಕೇಳಬಹುದು. ನೀರು ಮೊದಲು ಬೇಕು, ಅನುಮಾನವಿಲ್ಲ. ಆದರೆ ಬಡವರ ಮಕ್ಕಳಿಗೆ ನೀರು, ಅನ್ನ ಇಷ್ಟೇ ಸಾಕೆಂದು ತೀರ್ಮಾನಿಸಲು ನಾವು ಯಾರು? ಏಳು ತಂತಿಯ ಪಿಟೀಲಿನ ಚೌಡಯ್ಯನವರು ತಿರುಮಕೂಡಲು ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಅವರಿಗೆ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರಂಥ ಗುರು ದೊರೆಯದಿದ್ದರೆ? ಗುರು ಸಿಗದೆ ಹಾಗೆಯೇ ಉಳಿದುಹೋದ ಮಕ್ಕಳ ಲೆಕ್ಕ ಇಟ್ಟವರಾರು?

ಪೋಷಕರಲ್ಲಿ ನನ್ನದೊಂದು ಮನವಿ. ರಜೆಗೆ ಊರಿಗೆ ಹೋದಾಗ ನಾವು ಕಲಿತ ಶಾಲೆಗೆ ಬೆಂಚು, ಗಡಿಯಾರ ಕೊಟ್ಟು ಹೆಸರು ಬರೆಸಿ ಬರುತ್ತೇವೆ. ಅದರ ಬದಲು ಒಂದೇ ತಾಲ್ಲೂಕಿನ ಹತ್ತು ಮನೆಯವರು ಸೇರಿ ಒಬ್ಬ ಸಂಗೀತ ಶಿಕ್ಷಕರ ಸಂಬಳವನ್ನು ಹೊರಬಹುದು. ಅವರು ದಿನಕ್ಕೊಂದು ಹಳ್ಳಿಯಂತೆ ಐದು ಶಾಲೆಗಳಿಗೆ ಹೋಗಲಿ. ಬಸ್ ಖರ್ಚು, ಕಡಿದ ತಂತಿ, ಬಿಲ್ಲಿಗೆ ಹಚ್ಚುವ ರಾಳ ಎಲ್ಲವೂ ಲೆಕ್ಕದಲ್ಲಿರಲಿ. ವಾದ್ಯಗಳನ್ನು ಗ್ರಂಥಾಲಯದ ಪುಸ್ತಕದಂತೆ ಮಕ್ಕಳಿಗೆ ಎರವಲು ಕೊಡಲಿ. ತಿಂಗಳಿಗೊಮ್ಮೆ ಐದೂ ಹಳ್ಳಿಯ ಮಕ್ಕಳು ಒಂದೆಡೆ ಕುಳಿತು ನುಡಿಸಲಿ. ಸಂಬಳದ ಮೇಲೆ ದಾನಿಯ ಹೆಸರು ಬರೆಸಲು ಆಗುವುದಿಲ್ಲ. ಆದರೆ ಅದನ್ನು ಇಲಿ ಕಡಿಯುವುದೂ ಇಲ್ಲ!

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಮೂಲೆಯಲ್ಲಿ ಬಳಸದ ಕೀಬೋರ್ಡ್ ಇದ್ದರೆ ಖಂಡಿತ ಕೊಡಿ. ಕೊಡುವ ಮೊದಲು, "ಅಲ್ಲಿ ಕಲಿಸುವವರು ಯಾರು?" ಎಂದು ಕೇಳಿ. 'ಹಾಡುತ್ತ ಹಾಡುತ್ತ ರಾಗ' ಎಂಬ ಗಾದೆ ನಮ್ಮದೇ. ವಾರವಾರವೂ ಎದುರು ಕುಳಿತು ತಿದ್ದುವವರಿದ್ದರೆ ತಾನೇ ರಾಗ ಕೈಗೂಡುವುದು?