ಕೂಸಿನ ಜತೆ ಒಬ್ಬಳೇ ಹಾರುವುದಾ?

‘ಕೂಸಿನ್ನ ಕಟ್ಕೊಂಡು ಒಬ್ಬಾಕೀನ ವಿಮಾನದಾಗ ಬರ್ತಿಯಾ? ಬ್ಯಾಡವ್ವಾ, ಮುಂದಿನ ತಿಂಗಳು ಇಬ್ರೂ ಕೂಡಿ ಬರ್ರಿ.’

ಅವ್ವ ಫೋನಿನಲ್ಲಿ ಹೀಗೆ ಹೇಳಿದಾಗ ನನ್ನ ಮಗಳಿಗೆ ಏಳು ತಿಂಗಳು. ಅದು 2019 ರ ಫೆಬ್ರುವರಿ. ನಾವಿದ್ದದ್ದು ಹೈದರಾಬಾದಿನಲ್ಲಿ, ತವರು ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿ. ಹೆರಿಗೆ, ಬಾಣಂತನ ಎಲ್ಲ ಹೈದರಾಬಾದಿನಲ್ಲೇ ಆಗಿದ್ದರಿಂದ ಅಜ್ಜಿ ಮರಿಮಗಳ ಮುಖ ನೋಡಿರಲಿಲ್ಲ. ಆ ಹೊತ್ತಿಗೆ ಬಚ್ಚಲಲ್ಲಿ ಜಾರಿಬಿದ್ದು, ತೊಡೆಯ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ನಮ್ಮವರಿಗೆ ರಜೆ ಇಲ್ಲ. ಅತ್ತೆಗೆ ಮಂಡಿನೋವು. ‘ಮುಂದಿನ ತಿಂಗಳು’ ಎಂಬುದು ನಮಗೆ ಸುಲಭದ ಮಾತು. ಎಂಬತ್ತು ದಾಟಿ ಮಲಗಿದವರಿಗೆ?

ಈಗ ನೀವೇ ಹೇಳಿ, ನಮ್ಮಲ್ಲಿ ಎಷ್ಟು ಜನ ಹೀಗೆ ಯಾರದೋ ರಜೆಗಾಗಿ ಕಾಯುತ್ತಾ ಕುಳಿತಿಲ್ಲ? ಡಿಗ್ರಿ ಮಾಡಿದ್ದೇವೆ, ಬ್ಯಾಂಕು, ಸ್ಕೂಲು, ಗ್ಯಾಸು ಎಲ್ಲ ನಾವೇ ನೋಡಿಕೊಳ್ಳುತ್ತೇವೆ. ಆದರೆ ಕಂಕುಳಲ್ಲಿ ಒಂದು ಕೂಸು ಬಂದ ಕೂಡಲೇ ಊರು ದಾಟಲು ‘ಜತೆ’ ಬೇಕು! ಕೂಸಿನಿಂದ ಕಷ್ಟ ಅಂತ ನಾವು ಹೇಳಿಕೊಳ್ಳುತ್ತೇವೆ. ನನ್ನ ಅನುಭವದಲ್ಲಿ ಕೂಸಿಗಿಂತ ಕಷ್ಟದ್ದು ‘ಅಳ್ತು ಅಂದ್ರೆ ಜನ ಏನಂದಾರು’ ಎಂಬ ಹೆದರಿಕೆ.

ಹಾಗಂತ ಎಲ್ಲಿಗಾದರೂ ಸರಿ ವಿಮಾನವೇ ಹತ್ತಿ ಎಂದು ಹೇಳಲಾರೆ. ಮೊದಲು ಮನೆಬಾಗಿಲಿಂದ ಮನೆಬಾಗಿಲಿಗೆ ಲೆಕ್ಕ ಹಾಕಿ. ನಮ್ಮೂರಿಗೆ ಹತ್ತಿರದ ವಿಮಾನ ನಿಲ್ದಾಣ ತೋರಣಗಲ್ಲಿನ ವಿದ್ಯಾನಗರ. 2017 ರಲ್ಲಿ ‘ಉಡಾನ್’ ಯೋಜನೆಯಡಿ ಅಲ್ಲಿಗೆ ಸಣ್ಣ ವಿಮಾನಗಳು ಶುರುವಾದವು. ಬೆಂಗಳೂರಿನವರು ದೇವನಹಳ್ಳಿವರೆಗೆ ಹೋಗಿ, ಅಲ್ಲಿ ಎರಡು ಗಂಟೆ ಕಾದು, ಹಾರಿ ಇಳಿದು, ಮತ್ತೆ ಸಂಡೂರು, ಕೂಡ್ಲಿಗಿ ದಾಟಿ ಎರಡು ಗಂಟೆಗೂ ಮೇಲೆ ಕಾರಿನಲ್ಲಿ ಕೂರುವ ಬದಲು ಚಿತ್ರದುರ್ಗದ ಮೇಲೆ ನೇರ ಹೆದ್ದಾರಿಯಲ್ಲಿ ಬಂದರೆ ಐದಾರು ಗಂಟೆಯಲ್ಲಿ ಕಾನಹೊಸಹಳ್ಳಿ. ಅವರಿಗೆ ವಿಮಾನ ದಂಡ. ಹೈದರಾಬಾದಿನಿಂದಾದರೆ ರಾತ್ರಿಯಿಡೀ ಬಸ್ಸು, ಬೆಳಿಗ್ಗೆ ಬಳ್ಳಾರಿಯಲ್ಲಿ ಇನ್ನೊಂದು ಬಸ್ಸು. ಹಾರಾಟ ಮಾತ್ರ ಒಂದು ಗಂಟೆಯ ಆಚೀಚೆ. ಆದ್ದರಿಂದ ನನಗೆ ಲಾಭವಿತ್ತು. ಈ ಸಣ್ಣ ನಿಲ್ದಾಣಗಳ ವೇಳಾಪಟ್ಟಿ ಮಾತ್ರ ಮೇಲಿಂದ ಮೇಲೆ ಬದಲಾಗುತ್ತದೆ, ಸಂಸ್ಥೆಗಳೂ ಬದಲಾಗುತ್ತವೆ. ಹೋದ ವರ್ಷ ಇತ್ತು ಅಂತ ನಂಬಿ ಹೊರಡಬೇಡಿ.

ಟಿಕೆಟ್ ಮಾಡಿಸಿದ್ದು ಮೈದುನ. ಎರಡು ವರ್ಷದೊಳಗಿನ ಕೂಸಿಗೆ ಬೇರೆ ಸೀಟಿಲ್ಲ, ಅಮ್ಮನ ತೊಡೆಯೇ ಸೀಟು. ಆದರೂ ಅದರ ಹೆಸರಲ್ಲಿ ಟಿಕೆಟ್ ಬೇಕು, ವಯಸ್ಸಿನ ದಾಖಲೆ ಬೇಕು. ಮೈದುನ ಪಾಪ, ಮನೆಯಲ್ಲಿ ಕರೆಯುವ ಹೆಸರನ್ನೇ ಹಾಕಿಬಿಟ್ಟಿದ್ದ! ಜನನ ಪ್ರಮಾಣಪತ್ರದಲ್ಲಿ ಇರುವುದು ಬೇರೆ. ಕೌಂಟರಿನಲ್ಲಿ ಇಪ್ಪತ್ತು ನಿಮಿಷ ನನಗೆ ಬೆವರೋ ಬೆವರು. ನಿಮ್ಮ ಮಗುವಿನ ಪ್ರಮಾಣಪತ್ರದಲ್ಲಿ ಹೆಸರೇ ಇನ್ನೂ ಸೇರಿಲ್ಲವೇ? ನೋಂದಣಿಯಾಗಿ ಒಂದು ವರ್ಷದೊಳಗಾದರೆ ಶುಲ್ಕವಿಲ್ಲದೆ ಸೇರಿಸಬಹುದು. ನಾಮಕರಣದ ಗಡಿಬಿಡಿಯಲ್ಲಿ ಮರೆತವರು ಈಗಲೇ ಮುಗಿಸಿಕೊಳ್ಳಿ.

ಸಾಮಾನಿನ ವಿಷಯ. ಕೂಸಿಗೆ ಎರಡು ಜತೆ ಬಟ್ಟೆ ಎಲ್ಲರೂ ಇಟ್ಟುಕೊಳ್ಳುತ್ತೇವೆ. ನಿಮಗೊಂದು ಕುರ್ತಾ ಇಟ್ಟುಕೊಳ್ಳಿ, ಯಾಕೆಂದರೆ ಕೂಸು ಕಕ್ಕುವುದು ನಿಮ್ಮ ಮೇಲೆ. ಮಗುವಿನ ಹಾಲು, ಊಟ ಒಯ್ಯಲು ಅಡ್ಡಿಯಿಲ್ಲ. ತಪಾಸಣೆಯವರು ಮುಚ್ಚಳ ತೆಗೆದು ತೋರಿಸಿ ಎಂದರೆ ಬೇಸರ ಮಾಡಿಕೊಳ್ಳಬೇಡಿ. ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಚೀಲ ಇದ್ದರೆ ಒಂದು ಕೈ ಬಿಡುವಾಗಿರುತ್ತದೆ. ಸಣ್ಣ ವಿಮಾನಕ್ಕೆ ಮೆಟ್ಟಿಲು ಹತ್ತುವಾಗ ಆ ಒಂದು ಕೈಯ ಬೆಲೆ ಗೊತ್ತಾಗುತ್ತದೆ. ಈ ಎಟಿಆರ್ ವಿಮಾನಗಳಲ್ಲಿ ಹತ್ತುವ ಬಾಗಿಲು ಹಿಂದುಗಡೆ. ಹಿಂದಿನ ಕಿಟಕಿ ಸೀಟು ಕೇಳಿ ಪಡೆಯಿರಿ. ಇಳಿಯಲು ಹತ್ತಿರ, ಹಾಲುಣಿಸಲು ಮರೆ.

ಇನ್ನು ಅಳು. ವಿಮಾನದೊಳಗಿನ ಗಾಳಿಯ ಒತ್ತಡ ಬದಲಾದಾಗ ನಾವು ಉಗುಳು ನುಂಗಿ ಕಿವಿ ಬಿಡಿಸಿಕೊಳ್ಳುತ್ತೇವೆ. ಕೂಸಿಗೆ ಅದು ತಿಳಿಯದು. ಕಿವಿಯಿಂದ ಗಂಟಲಿಗೆ ಇರುವ ನಾಳವೂ ಅದಕ್ಕೆ ಕಿರಿದು. ಚೀಪಿ ನುಂಗುತ್ತಿದ್ದರೆ ಅದು ತೆರೆದುಕೊಳ್ಳುತ್ತದೆ, ಅದಕ್ಕೇ ಹಾಲುಣಿಸಿ ಎನ್ನುವುದು. ನಾನು ಮಾಡಿದ ತಪ್ಪೆಂದರೆ ಏರುವಾಗಲೇ ಹೊಟ್ಟೆ ತುಂಬಾ ಕುಡಿಸಿದ್ದು. ನೋವು ಹೆಚ್ಚು ಇಳಿಯುವಾಗ. ಒಂದು ಗಂಟೆಯ ಹಾರಾಟದಲ್ಲಿ ಏರಿ ಮುಗಿಯುವಷ್ಟರಲ್ಲಿ ಇಳಿಯುವುದು ಶುರುವಾಗಿರುತ್ತದೆ. ಆಗ ಮಗಳು ಬಾಯಿಗೇ ತಗೊಳ್ಳಲಿಲ್ಲ, ಕಿರುಚಿದ್ದೇ ಕಿರುಚಿದ್ದು. ಆದ್ದರಿಂದ ಏರುವಾಗ ನಾಲ್ಕು ಗುಟುಕು ಸಾಕು, ಹಸಿವನ್ನು ಇಳಿಯುವ ಹೊತ್ತಿಗೆ ಉಳಿಸಿ. ನೆಗಡಿಯಿದ್ದರೆ, ಕಿವಿ ಸೋರುತ್ತಿದ್ದರೆ ಹೊರಡುವ ಮುನ್ನ ಡಾಕ್ಟರಿಗೆ ತೋರಿಸಿ.

‘ಸ್ವಲ್ಪ ನೆಗಡಿ ಸಿರಪ್ ಕುಡಿಸು, ಗಪ್ಪಾಗಿ ಮಲಗ್ತದೆ’ ಎಂಬ ಸಲಹೆ ನಿಮಗೂ ಬರುತ್ತದೆ. ದಯವಿಟ್ಟು ಬೇಡ. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮೈನ್–ಫಿನೈಲೆಫ್ರಿನ್ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಲೇಬಲ್ಲಿನ ಮೇಲೇ ಅಚ್ಚು ಹಾಕಬೇಕೆಂದು 2023 ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಆದೇಶಿಸಿದ್ದಾರೆ. ನಾಲ್ಕು ಜನರ ಕಿವಿಗೆ ತೊಂದರೆಯಾಗದಿರಲಿ ಅಂತ ಕೂಸಿಗೆ ಮದ್ದು ಹಾಕುವುದೇ?

ಮಗಳು ಕಿರುಚುವಾಗ ಹಿಂದಿನಿಂದ ಒಬ್ಬರು, ‘ಇಷ್ಟು ಸಣ್ಣ ಮಗೂನ ಯಾಕಾದ್ರೂ ಕರ್ಕೊಂಡು ಬರ್ತಾರೋ’ ಅಂದರು. ನಾನು ತಿರುಗಿ ಮೂರು ಸಲ ಸಾರಿ ಅಂದೆ. ಈಗಾದರೆ ಒಂದು ಸಲ ಅನ್ನುತ್ತೇನೆ, ಅಷ್ಟೇ. ಕೂಸು ಅಳುವುದು ತಪ್ಪಲ್ಲ, ಅದರ ತಾಯಿಗೆ ಊರಿಗೆ ಹೋಗುವ ಕೆಲಸ ಇರುವುದೂ ತಪ್ಪಲ್ಲ. ಪಕ್ಕದಲ್ಲಿದ್ದ ವಯಸ್ಸಾದ ತೆಲುಗಿನಮ್ಮ ಒಂದು ಮಾತೂ ಆಡದೆ ಕೈ ಚಾಚಿ ನನ್ನ ಚೀಲ ತಮ್ಮ ಕಾಲಬಳಿ ಇಟ್ಟುಕೊಂಡರು, ಇಳಿಯುವಾಗ ತಾವೇ ಹಿಡಿದುಕೊಂಡರು. ನಾನೇ ಮೊದಲು ಕೇಳಬಹುದಿತ್ತು. ‘ಈ ಚೀಲ ಸ್ವಲ್ಪ ಹಿಡೀತೀರಾ’ ಅಂತ ಕೇಳಲು ನಮಗೆಷ್ಟು ನಾಚಿಕೆ ನೋಡಿ! ಮದುವೆ ಮನೆಯಲ್ಲಿ ಹತ್ತು ಜನರ ಕೈಗೆ ಕೂಸು ಕೊಟ್ಟು ಓಡಾಡುವವರು ನಾವೇ.

ನನಗೆ ನಿಜವಾಗಿ ಸುಸ್ತು ಮಾಡಿದ್ದು ಹಾರಾಟವಲ್ಲ, ಇಳಿದ ಮೇಲಿನ ದಾರಿ. ಸಂಡೂರಿನ ಕಡೆ ಅದಿರು ಲಾರಿಗಳ ಸಾಲು, ಕೆಂಪು ಧೂಳು. ಕಾರನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಸಾಧ್ಯವಾದರೆ ತವರಿನವರೊಬ್ಬರು ಬರಲಿ. ನನ್ನ ತಮ್ಮ ಬಂದಿದ್ದ. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಹಾಲು ಕೊಟ್ಟೆ.

ಅಜ್ಜಿ ಮಲಗಿದಲ್ಲೇ ಕೂಸನ್ನು ಎದೆಮೇಲೆ ಹಾಕಿಸಿಕೊಂಡರು. ಮೂರು ದಿನ ಹಗಲು ಹೊತ್ತು ಅವಳು ಅಲ್ಲೇ. ಅವ್ವ ‘ನೋವಾಗ್ತದವ್ವಾ, ಕೊಡು ಇತ್ಲಾಗ’ ಅಂದರೆ ಅಜ್ಜಿ ಕೇಳಿಸಿಕೊಂಡರೆ ತಾನೆ?

ವಾಪಸ್ ಹೊರಟ ದಿನ ವಿದ್ಯಾನಗರದ ತಪಾಸಣೆಯಲ್ಲಿ ನನ್ನ ಕೈಚೀಲ ತಡೆದರು. ಕೂಸಿನ ಲಂಗೋಟಿಗಳ ನಡುವೆ ಅಡಕೊತ್ತು! ಎಳೆಕೂಸಿನ ಜತೆ ಕಬ್ಬಿಣ ಇರಬೇಕು, ಇಲ್ಲದಿದ್ದರೆ ದೃಷ್ಟಿ ತಾಕುತ್ತದೆ ಎಂದು ಅಜ್ಜಿ ತಮ್ಮ ಎಲೆಅಡಿಕೆ ಚೀಲದಿಂದ ತೆಗೆದು, ಯಾರಿಗೂ ಹೇಳದೆ ಸೇರಿಸಿಬಿಟ್ಟಿದ್ದರು. ಕೈಚೀಲದಲ್ಲಿ ಅಂಥದ್ದಕ್ಕೆ ಅವಕಾಶವಿಲ್ಲ. ನಿಮ್ಮ ಹಿರಿಯರೂ ಚಾಕುವನ್ನೋ ಮೊಳೆಯನ್ನೋ ಇಟ್ಟಿರಬಹುದು, ಮನೆಯಲ್ಲೇ ಒಮ್ಮೆ ಚೀಲ ತಡಕಿ ನೋಡಿ. ಇಡಲೇಬೇಕೆಂದರೆ ಕೌಂಟರಿನಲ್ಲಿ ಒಪ್ಪಿಸುವ ದೊಡ್ಡ ಬ್ಯಾಗಿನಲ್ಲಿ ಹಾಕಿ. ನನ್ನ ಪುಣ್ಯಕ್ಕೆ ತಮ್ಮ ಇನ್ನೂ ಹೊರಗೇ ನಿಂತಿದ್ದ. ಸಿಬ್ಬಂದಿಯೊಬ್ಬರು ಒಯ್ದು ಅವನ ಕೈಗೆ ಕೊಟ್ಟರು.

ಮನೆ ಮುಟ್ಟಿ ಫೋನ್ ಮಾಡಿದರೆ ಅಜ್ಜಿಗೆ ಅದೇ ಚಿಂತೆ. ‘ಕಬ್ಬಿಣ ಇಲ್ಲದ ಹಂಗ ಹೋತಲ್ಲ ಕೂಸು.’ ‘ಅಜ್ಜೀ, ವಿಮಾನಾನೇ ಕಬ್ಬಿಣದ್ದು’ ಅಂದೆ. ಬಹುಪಾಲು ಅಲ್ಯೂಮಿನಿಯಂ ಎಂದು ನಮ್ಮವರು ಪಕ್ಕದಿಂದ ತಿದ್ದಲು ಬಂದರು. ನಾನು ಫೋನಿಗೆ ಕೈ ಅಡ್ಡ ಹಿಡಿದೆ.

ನಮ್ಮವರಿಗೆ ರಜೆ ಸಿಕ್ಕಿದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಅಜ್ಜಿ ಇರಲಿಲ್ಲ. ಅಡಕೊತ್ತು ಈಗ ನಮ್ಮ ಮನೆಯಲ್ಲೇ ಇದೆ. ತಮ್ಮ ಬಸ್ಸಿನಲ್ಲಿ ತಂದುಕೊಟ್ಟ.