ಕಾಲಿನ ಊತ: ಶಾಪವಲ್ಲ, ಆರೈಕೆ ಬೇಡುವ ಕಾಯಿಲೆ



ಪವಿತ್ರ ಗುರುವಾರದಂದು ಪಾದ ತೊಳೆಯುವ ವಿಧಿಗೆ ಪ್ರತಿವರ್ಷ ಹನ್ನೆರಡು ಮಂದಿಯನ್ನು ಕರೆಯುತ್ತೇವೆ. ಕೆಲವು ವರ್ಷಗಳ ಹಿಂದೆ ಹಿರಿಯ ರೈತರೊಬ್ಬರನ್ನು ಕೇಳಿದಾಗ, "ಬೇಡ ಸ್ವಾಮಿ, ನನ್ನ ಕಾಲು ನಾಲ್ಕು ಜನರ ಮುಂದೆ ಇಡುವಂಥದ್ದಲ್ಲ" ಎಂದು ಪಂಚೆಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು. ಅದು ಅವರ ವಿನಯವೆಂದು ತಿಳಿದು ಬೇರೊಬ್ಬರನ್ನು ಹುಡುಕಿಕೊಂಡೆ. ಅವರ ಎಡಗಾಲು ಹತ್ತು ವರ್ಷದಿಂದ ಊದಿಕೊಂಡಿದೆ, ಮೂರು ತಿಂಗಳಿಗೊಮ್ಮೆ ಚಳಿಜ್ವರ ಬಂದು ಮಲಗುತ್ತಾರೆ ಎಂಬುದು ನನಗೆ ತಿಳಿದದ್ದು ಆಮೇಲೆ. ಪಾದ ತೊಳೆಯುವುದರ ಬಗ್ಗೆ ಪ್ರಬೋಧನೆ ಮಾಡುವ ನಾನೇ, ನಿಜವಾಗಿ ತೊಳೆಯಬೇಕಾಗಿದ್ದ ಪಾದವನ್ನು ಬಿಟ್ಟು ಮುಂದೆ ಹೋಗಿದ್ದೆ. ಆ ಸಂಕಟದಿಂದಲೇ ಈ ತಿಂಗಳ ಅಂಕಣ ಬರೆಯುತ್ತಿದ್ದೇನೆ.

ತೋಟಕ್ಕೆ ನೀರು ಹಾಯಿಸಲು ಕಾಲುವೆ ಬೇಕು. ಹೆಚ್ಚಾದ ನೀರು ಹೊರಗೆ ಹೋಗಲು ಬಸಿಗಾಲುವೆಯೂ ಬೇಕು. ಬಸಿಗಾಲುವೆ ಮುಚ್ಚಿದರೆ ಬೇರು ಕೊಳೆಯುತ್ತದೆ ಎಂಬುದು ಟೊಮೇಟೊ, ಕೊತ್ತಂಬರಿ ಬೆಳೆಯುವ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಶರೀರದಲ್ಲಿಯೂ ಹಾಗೆಯೇ. ರಕ್ತನಾಳಗಳಿಂದ ಒಸರಿದ ನೀರಿನಂಶವನ್ನು ಮರಳಿ ರಕ್ತಕ್ಕೆ ಸೇರಿಸುವ ಬಸಿಗಾಲುವೆಗಳೇ ದುಗ್ಧನಾಳಗಳು. ರೋಗಾಣುಗಳನ್ನು ತಡೆಯುವ ದುಗ್ಧಗ್ರಂಥಿಗಳೂ ಇವುಗಳ ದಾರಿಯಲ್ಲೇ ಇವೆ. ಈ ನಾಳಗಳು ಕೆಟ್ಟರೆ ನೀರು ನಿಲ್ಲುತ್ತದೆ, ಕಾಲು ಊದುತ್ತದೆ, ಚರ್ಮ ದಪ್ಪವಾಗಿ ಒರಟಾಗುತ್ತದೆ. ಆ ಭಾಗಕ್ಕೆ ಸೋಂಕನ್ನು ತಡೆಯುವ ಶಕ್ತಿಯೂ ಕುಂದುತ್ತದೆ.

ಇವು ಕೆಡಲು ಕಾರಣಗಳು ಹಲವು. ಎಲ್ಲರಿಗೂ ಗೊತ್ತಿರುವುದು ಆನೆಕಾಲು ರೋಗ. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯು ಒಬ್ಬರಿಂದ ಇನ್ನೊಬ್ಬರಿಗೆ ದಾರದಂಥ ಫೈಲೇರಿಯಾ ಹುಳುವನ್ನು ಹರಡುತ್ತದೆ. ಹುಳು ದುಗ್ಧನಾಳದಲ್ಲಿ ವರ್ಷಗಟ್ಟಲೆ ಬದುಕಿ ಅದನ್ನು ಹಾಳುಮಾಡುತ್ತದೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಕಡೆಗಳಲ್ಲಿಯೂ ಕರಾವಳಿಯಲ್ಲಿಯೂ ಇದು ಬಹುಕಾಲದಿಂದ ಕಂಡುಬಂದ ರೋಗ. ಸರ್ಕಾರ 1955ರಲ್ಲಿಯೇ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. 2004ರಿಂದ ರೋಗವಿರುವ ಜಿಲ್ಲೆಗಳಲ್ಲಿ ಎಲ್ಲರಿಗೂ ವರ್ಷಕ್ಕೊಮ್ಮೆ ಮಾತ್ರೆ ಕೊಡುವ ಕ್ರಮ ಬಂತು. ದುಡಿಯಲು ಹೋದ ಊರಿನಲ್ಲಿ ಆ ಮಾತ್ರೆ ಕೊಟ್ಟರೆ ಸೆರಗಿಗೆ ಕಟ್ಟಿಕೊಳ್ಳಬೇಡಿ, ಅವರ ಎದುರಿಗೇ ನುಂಗಿ. ಆದರೆ ಮಾತ್ರೆ ಹುಳುವಿನ ಮೇಲೆ ಕೆಲಸ ಮಾಡುತ್ತದೆಯೇ ಹೊರತು, ಈಗಾಗಲೇ ದಪ್ಪಗಾದ ಕಾಲನ್ನು ತೆಳ್ಳಗೆ ಮಾಡುವುದಿಲ್ಲ.

ಹುಳುವಿಲ್ಲದೆಯೂ ಈ ಊತ ಬರುತ್ತದೆ. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿ ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಕೆಲವು ತಾಯಂದಿರ ಕೈ ಊದುತ್ತದೆ. ಕೆಸರುಹುಣ್ಣು, ಹಿಮ್ಮಡಿ ಒಡಕಿನಿಂದ ಮತ್ತೆ ಮತ್ತೆ ಸೋಂಕು ತಗಲಿ ನಾಳಗಳು ಹಾಳಾಗುತ್ತವೆ. ಇಥಿಯೋಪಿಯಾದ ಎತ್ತರದ ಪ್ರದೇಶಗಳಲ್ಲಿ ಜ್ವಾಲಾಮುಖಿಯ ಕೆಂಪು ಮಣ್ಣಿನಲ್ಲಿ ಬರಿಗಾಲಲ್ಲಿ ದುಡಿಯುವ ರೈತರ ಕಾಲು ಊದುವುದಕ್ಕೆ ಆ ಮಣ್ಣಿನ ಸೂಕ್ಷ್ಮ ಕಣಗಳೇ ಕಾರಣವೆಂದು ಡಾ. ಅರ್ನೆಸ್ಟ್ ಪ್ರೈಸ್ ಎಂಬ ವೈದ್ಯರು 1970ರ ದಶಕದಲ್ಲಿ ತೋರಿಸಿದರು. ನಮ್ಮ ಹೊಸೂರು, ಸೂಳಗಿರಿಯ ಕೆಂಪು ಮಣ್ಣು ಆ ಜಾತಿಯದೆಂದು ನಾನು ಹೇಳುತ್ತಿಲ್ಲ. ಆದರೆ ಆ ಜನರನ್ನು ಕಾಪಾಡಿದ್ದು ಪಾದರಕ್ಷೆ, ಸೋಪು ಮತ್ತು ನೀರು. ಈ ಪಾಠ ನಮಗೂ ಸಲ್ಲುತ್ತದೆ.

ಇನ್ನೊಂದು ಎಚ್ಚರ. ಎಲ್ಲ ಊತವೂ ದುಗ್ಧನಾಳದ್ದಲ್ಲ. ಎರಡೂ ಕಾಲು ಊದಿದರೆ ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರಬಹುದು. ಒಂದೇ ಕಾಲು ಹಠಾತ್ತನೆ ಊದಿ ನೋವಾದರೆ ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರು ಕಟ್ಟಿದರೆ ಒಂದು ಗಳಿಗೆಯೂ ತಡಮಾಡಬಾರದು. ಆದ್ದರಿಂದ ಮೊದಲು ವೈದ್ಯರು ನೋಡಲಿ. ನೆರೆಯವರ ಮನೆಯ 'ನೀರು ಮಾತ್ರೆ' ತಂದು ನುಂಗುವುದರಿಂದ ದುಗ್ಧನಾಳದ ಊತ ವಾಸಿಯಾಗದು.

ಕಾರಣ ತಿಳಿದ ಮೇಲೆ ಮಾಡಬೇಕಾದದ್ದು ಮನೆಯಲ್ಲೇ ಇದೆ. ದಿನಕ್ಕೊಮ್ಮೆಯಾದರೂ ಸಾಧಾರಣ ನೀರು, ಸೋಪಿನಿಂದ ಕಾಲನ್ನೂ ಬೆರಳ ಸಂದಿಗಳನ್ನೂ ಮೃದುವಾಗಿ ತೊಳೆಯಿರಿ. ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ. ಸಂದಿ ಬೆಳ್ಳಗೆ ಬೆಂದಂತಿದ್ದರೆ ವೈದ್ಯರು ಕೊಟ್ಟ ಮುಲಾಮು ಹಚ್ಚಿ. ರಾತ್ರಿ ಮಂಚದ ಕಾಲ್ದೆಸೆಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ಹೃದಯದ ಕಾಯಿಲೆ ಇರುವವರು ಇದನ್ನು ವೈದ್ಯರನ್ನು ಕೇಳದೆ ಮಾಡಬಾರದು. ಕುಳಿತಾಗ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ. ಒತ್ತುಪಟ್ಟಿ ಕಟ್ಟುವುದನ್ನು ಬಲ್ಲವರಿಂದಲೇ ಕಲಿಯಿರಿ. ಬರೆ ಹಾಕಿಸುವುದು, ಕುಯ್ದು ನೀರು ತೆಗೆಸುವುದು, ಬಿಸಿ ಶಾಖ ಕೊಡುವುದು ಖಂಡಿತ ಬೇಡ. ಕಾಲು ಕೆಂಪಾಗಿ, ತೊಡೆಸಂದಿನಲ್ಲಿ ಗಂಟು ಕಟ್ಟಿ, ಚಳಿಜ್ವರ ಬಂದರೆ ತಣ್ಣೀರ ಬಟ್ಟೆ ಇಟ್ಟು, ಪಟ್ಟಿ ಬಿಚ್ಚಿ, ಅಂದೇ ಆಸ್ಪತ್ರೆಗೆ ಹೋಗಿ. ಪ್ರತಿ ಸಲದ ಜ್ವರವೂ ಕಾಲನ್ನು ಇನ್ನಷ್ಟು ದಪ್ಪ ಮಾಡುತ್ತದೆ. ಗಂಡಸರಿಗೆ ವೃಷಣಚೀಲದಲ್ಲಿ ನೀರು ತುಂಬಿದ್ದರೆ ಅದಕ್ಕೆ ಶಸ್ತ್ರಚಿಕಿತ್ಸೆ ಇದೆ, ನಾಚಿಕೆಯಿಂದ ಮುಚ್ಚಿಡಬೇಡಿ.

ಇದು ಬರಿಯ ಮಾತಲ್ಲ. ನಮ್ಮಂತೆಯೇ ಗಡಿನಾಡ ಕನ್ನಡಿಗರಿರುವ ಕಾಸರಗೋಡಿನಲ್ಲಿ 1999ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಡಾ. ಎಸ್. ಆರ್. ನರಹರಿಯವರೂ ಅವರ ಸಂಗಡಿಗರೂ ಚರ್ಮದ ಶುಚಿತ್ವ, ಆಯುರ್ವೇದ, ಯೋಗದ ಉಸಿರಾಟ ಮತ್ತು ಒತ್ತುಪಟ್ಟಿಗಳನ್ನು ಕೂಡಿಸಿ ಚಿಕಿತ್ಸೆ ರೂಪಿಸಿದರು. ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳ ಹಳ್ಳಿಗರಿಗೂ ಅದನ್ನು ಕಲಿಸಿದರು. ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ 2021ರ ಆಗಸ್ಟ್ 5ರಂದು ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಆರಂಭವಾಯಿತು. ಮನೆಬಾಗಿಲಿಗೆ ಬರುವ ಆರೋಗ್ಯ ಕಾರ್ಯಕರ್ತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತು ಮಾತ್ರ ಹೇಳಿ ಕಳಿಸಬೇಡಿ, ಕಾಲನ್ನೂ ತೋರಿಸಿ.

ಇಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಈ ರೋಗಿಗಳನ್ನು ಕುಗ್ಗಿಸುವುದು ಊತಕ್ಕಿಂತ ಹೆಚ್ಚಾಗಿ ನಮ್ಮ ನಡವಳಿಕೆ. ಆನೆಕಾಲು ಮುಟ್ಟಿದರೆ ಅಂಟುವುದಿಲ್ಲ, ಪಾಪದ ಫಲವೂ ಅಲ್ಲ. ಆದರೂ ಅಂಥ ಮನೆಯಿಂದ ಹೆಣ್ಣು ತರಲು ಹಿಂಜರಿಯುತ್ತೇವೆ. ಹಸುವಿನ ಕೆಚ್ಚಲು ಬಾತರೆ ರಾತ್ರೋರಾತ್ರಿ ಪಶುವೈದ್ಯರನ್ನು ಕರೆತರುವವರು, ಅಮ್ಮನ ಕಾಲು ಬಾತರೆ "ವಯಸ್ಸಾಯಿತಲ್ಲ" ಎನ್ನುತ್ತೇವೆ. ಒದ್ದೆ ಪಾತಿಯಲ್ಲಿ ದಿನವಿಡೀ ಪುದೀನ ಕೊಯ್ಯುವ ಕೂಲಿಯವರಿಗೆ ಕೂಲಿಯ ಜೊತೆಗೆ ಒಂದು ಜೊತೆ ರಬ್ಬರ್ ಬೂಟು, ಕೆಲಸ ಬಿಡುವಾಗ ಕಾಲು ತೊಳೆಯಲು ಸೋಪು ಕೊಡುವುದು ತೋಟದ ಯಜಮಾನನ ಕರ್ತವ್ಯವೆಂದು ನಾನು ನಂಬುತ್ತೇನೆ. ಒಂದು ಚೀಲ ಗೊಬ್ಬರಕ್ಕೆ ಕೊಡುವ ಹಣದ ಮುಂದೆ ಅದು ಹೆಚ್ಚೇನೂ ಅಲ್ಲ. ಮನೆಯ ಹಿಂದಿನ ಬಚ್ಚಲ ನೀರು ನಿಲ್ಲದಂತೆ ಬಾಳೆಗೋ ತೆಂಗಿಗೋ ತಿರುಗಿಸಿದರೆ ಸೊಳ್ಳೆಯೂ ಕಡಿಮೆಯಾಗುತ್ತದೆ.

ಆ ಹಿರಿಯರ ಕಾಲು ಮೊದಲಿನಂತಾಗಿಲ್ಲ, ಆಗುವುದೂ ಇಲ್ಲ. ಆದರೆ ಅವರ ಸೊಸೆ ದಿನವೂ ಸಂಜೆ ಮಣೆ ಹಾಕಿ ಕೂರಿಸಿ ಕಾಲು ತೊಳೆದು ಒರೆಸುತ್ತಾಳೆ. ಜ್ವರ ಬಂದು ಮಲಗುವುದು ನಿಂತಿದೆ, ತೋಟಕ್ಕೆ ನಡೆದು ಹೋಗುತ್ತಾರೆ. ಮುಂದಿನ ಪವಿತ್ರ ಗುರುವಾರಕ್ಕೆ ಅವರನ್ನು ಮತ್ತೆ ಕೇಳುತ್ತೇನೆ. ಒಪ್ಪುವುದು, ಬಿಡುವುದು ಅವರ ಇಷ್ಟ. ನೀವು ಮಾತ್ರ ಈ ಸಂಜೆ ಮನೆಯ ಹಿರಿಯರ ಕಾಲನ್ನು ಒಮ್ಮೆ ನೋಡಿ.