ಕೈಗೆ ಸಿಕ್ಕ ಬೋಲ್ಟು

ತಂದೆಯವರ ಕಾಲದ ಮೋಟಾರ್ ಸೈಕಲ್ಲನ್ನು ಷೆಡ್ಡಿನಿಂದ ಹೊರತೆಗೆದು ಮತ್ತೆ ಓಡಿಸಬೇಕೆಂಬ ಹಂಬಲವುಳ್ಳವರು ಹಲವರುಂಟು. ಎಂಜಿನ್ನಿಗೆ ಹಣ ಸುರಿಯುತ್ತಾರೆ. ಬಣ್ಣಕ್ಕೆ, ಹೊಳಪಿಗೆ ಇನ್ನೂ ಹೆಚ್ಚಾಗಿಯೇ ಸುರಿಯುತ್ತಾರೆ. ಆದರೆ ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕಿನಲ್ಲಿ ಬೋಲ್ಟೊಂದು ಇಲ್ಲದಿದ್ದರೆ, ಡಬ್ಬಿಯಲ್ಲಿ ಕೈಗೆ ಸಿಕ್ಕಿದ್ದನ್ನು ತಿರುಗಿಸಿ ಕೂರಿಸಿಬಿಡುತ್ತಾರೆ. ಸವಾರನ ಪ್ರಾಣ ಅದರ ಹಿಡಿತದಲ್ಲಿದೆಯೆಂಬುದು ಆಗ ಯಾರಿಗೂ ನೆನಪಾಗದು.

ಬೋಲ್ಟಿನ ಥ್ರೆಡ್ಡನ್ನು ಗುರುತಿಸಲು ಮೂರು ಸಂಗತಿಗಳು ತಿಳಿದಿರಬೇಕು: ಬೋಲ್ಟಿನ ವ್ಯಾಸ, ಅಂಗುಲವೊಂದಕ್ಕೆ ಎಷ್ಟು ಸುತ್ತು, ಸುತ್ತುಗಳ ನಡುವಣ ಕೋನ. 1841ರಲ್ಲಿ ಜೋಸೆಫ್ ವಿಟ್ವರ್ತ್ ಇಂಗ್ಲೆಂಡಿಗೆ 55 ಡಿಗ್ರಿಯ ಥ್ರೆಡ್ಡನ್ನು ಸೂಚಿಸಿದನು. ಬೈಸಿಕಲ್ ತಯಾರಕರು ಅದನ್ನು ಬಿಟ್ಟು, 60 ಡಿಗ್ರಿಯ ಕೋನವನ್ನೂ ಹೆಚ್ಚುಕಡಮೆ ಎಲ್ಲ ಗಾತ್ರಗಳಿಗೂ ಅಂಗುಲಕ್ಕೆ 26 ಸುತ್ತುಗಳನ್ನೂ ಬಳಕೆಗೆ ತಂದರು. ಸೈಕಲ್ಲಿನ ವಂಶದಲ್ಲೇ ಹುಟ್ಟಿದ ಬ್ರಿಟಿಷ್ ಮೋಟಾರ್ ಸೈಕಲ್ಲಿಗೆ ಈ ‘ಸೈಕಲ್ ಥ್ರೆಡ್’ ಪಿತ್ರಾರ್ಜಿತವಾಗಿ ಬಂದಿತು. 1960ರ ದಶಕದ ಕೊನೆಗೆ ಅಲ್ಲಿನ ಕಾರ್ಖಾನೆಗಳು ಅಮೆರಿಕದೊಡನೆ ಒಪ್ಪಿಕೊಂಡ ಯೂನಿಫೈಡ್ ಥ್ರೆಡ್ಡಿಗೆ ಹೊರಳತೊಡಗಿದುವು. ಆ ಕಾಲದ ಕೆಲವು ಗಾಡಿಗಳಲ್ಲಿ ಎರಡೂ ಜಾತಿಯವು ಬೆರೆತಿರುತ್ತವೆ.

ನಮ್ಮ ನಾಡಿನಲ್ಲಿ ತೊಡಕು ಬೇರೊಂದು ಬಗೆಯದು. 1955ರಿಂದ ಮದರಾಸಿನಲ್ಲಿ ಜೋಡಣೆಯಾದ ಬುಲೆಟ್ ಇಂಗ್ಲೆಂಡಿನ ಅಂಗುಲದ ಲೆಕ್ಕವನ್ನು ತಂದಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳದು ಚೆಕೊಸ್ಲೊವಾಕಿಯ ಮೂಲ. ಅವುಗಳದು ಮಿಲಿಮೀಟರ್ ಲೆಕ್ಕ. ಎರಡು ಕುಲದ ಬೋಲ್ಟುಗಳೂ ಗರಾಜಿನ ಒಂದೇ ಡಬ್ಬಿಯಲ್ಲಿ ಸಂಸಾರ ಹೂಡಿರುತ್ತವೆ.

ಮೋಸವಾಗುವುದು ಅಲ್ಲಿಯೇ. 5/16 ಅಂಗುಲದ ಸೈಕಲ್ ಬೋಲ್ಟಿನ ವ್ಯಾಸ 7.94 ಮಿಲಿಮೀಟರ್, ಒಂದು ಸುತ್ತಿಗೆ ಅದು ಮುಂದುವರಿಯುವುದು 0.977 ಮಿಲಿಮೀಟರ್. ಅದನ್ನು 8 ಮಿಲಿಮೀಟರ್ ವ್ಯಾಸದ, ಸುತ್ತಿಗೆ 1 ಮಿಲಿಮೀಟರಿನ ರಂಧ್ರಕ್ಕೆ ಹಾಕಿದರೆ ಮೊದಲ ಕೆಲವು ಸುತ್ತು ಸಲೀಸು. ಹತ್ತನೆಯ ಸುತ್ತಿಗೆ ಅಂತರ 0.23 ಮಿಲಿಮೀಟರಾಗಿ ಬೋಲ್ಟು ಬಿಗಿಯುತ್ತದೆ. ಅದನ್ನೇ ಭದ್ರವೆಂದು ತಿಳಿದು ಸ್ಪ್ಯಾನರಿನಿಂದ ಇನ್ನಷ್ಟು ಒತ್ತಿದರೆ, ಉಕ್ಕಿನ ಬೋಲ್ಟು ಫೋರ್ಕಿನ ಮೆತ್ತನೆಯ ಅಲ್ಯೂಮಿನಿಯಮ್ಮನ್ನು ಕೊರೆದುಹಾಕುತ್ತದೆ. ಕಾಲಂಗುಲದ ಬ್ರಿಟಿಷ್ ಫೈನ್ ಥ್ರೆಡ್ಡಂತೂ ಇನ್ನೂ ಕಪಟಿ: ವ್ಯಾಸವೂ 26 ಸುತ್ತುಗಳೂ ಸೈಕಲ್ ಥ್ರೆಡ್ಡಿನವೇ, ಕೋನ ಮಾತ್ರ 55 ಡಿಗ್ರಿ. ಎಣಿಸಿದರೂ ಗುಟ್ಟು ಬಯಲಾಗದು.

ಆದುದರಿಂದ ಬೋಲ್ಟನ್ನು ಮೊದಲು ಸೀಮೆಎಣ್ಣೆಯಲ್ಲಿ ತೊಳೆದು, ವ್ಯಾಸವನ್ನು ವರ್ನಿಯರಿನಿಂದ ಅಳೆಯಬೇಕು. ಸವೆದ ಬೋಲ್ಟು ಒಂದಿಷ್ಟು ಕಡಮೆ ತೋರುವುದು ಸಹಜ. ಬಳಿಕ ಥ್ರೆಡ್ ಗೇಜಿನ ಎಲೆಗಳನ್ನು ಒಂದೊಂದಾಗಿ ಹೊಂದಿಸಿ ಬೆಳಕಿಗೆ ಹಿಡಿಯಬೇಕು. ನಡುವೆ ಬೆಳಕು ನುಸುಳದ ಎಲೆಯೇ ಸರಿಯಾದುದು. ಗೇಜಿನಲ್ಲಿ 55 ಮತ್ತು 60 ಡಿಗ್ರಿಯ ಎಲೆಗಳೆರಡೂ ಇರಲೇಬೇಕು. ಗೇಜಿಲ್ಲದವರು ಕಾಗದವನ್ನು ಬೋಲ್ಟಿಗೆ ಒತ್ತಿ, ಮೂಡಿದ ಗೆರೆಗಳನ್ನು ಅಂಗುಲಪಟ್ಟಿಯ ಮೇಲೆ ಎಣಿಸಬಹುದು. ಕೋನವನ್ನು ಮಾತ್ರ ಕಾಗದ ಹೇಳದು. ಸ್ಪ್ಯಾನರಿನ ಅಂಕಿಯನ್ನು ನಂಬುವುದೂ ಅಪಾಯ. ಕಾಲಂಗುಲವೆಂದು ಕೆತ್ತಿದ ವಿಟ್ವರ್ತ್ ಸ್ಪ್ಯಾನರಿನ ಬಾಯಿ ಅರ್ಧ ಅಂಗುಲಕ್ಕೂ ಮಿಗಿಲು. ಆ ಅಂಕಿ ಬೋಲ್ಟಿನ ದಪ್ಪಕ್ಕೆ ಸಂಬಂಧಿಸಿದ್ದು.

ಬೋಲ್ಟೇ ಕಳೆದುಹೋಗಿ ರಂಧ್ರ ಮಾತ್ರ ಉಳಿದಿದ್ದರೆ, ಅಳತೆ ಗೊತ್ತಿರುವ ಬೋಲ್ಟುಗಳನ್ನು ಬೆರಳಿನಿಂದಲೇ ತಿರುಗಿಸಿ ನೋಡಬೇಕು. ತಳದವರೆಗೂ ಅಲುಗದೆ, ಬಿಗಿಯದೆ ಇಳಿದದ್ದು ಅದರ ಜೋಡಿ. ಈ ತಾಳ್ಮೆಯಿಲ್ಲದವರು, ಹತ್ತಿರದ ಅಳತೆಯ ಟ್ಯಾಪು ಹಾಕಿ ರಂಧ್ರವನ್ನೇ ‘ಸರಿಪಡಿಸು’ ಎನ್ನುತ್ತಾರೆ. ಹಾಗೆ ಮಾಡಿದಾಗ ಹಳೆಯ ಸುತ್ತುಗಳು ಅರ್ಧ ಕಡಿದು, ಹೊಸವು ಅರ್ಧ ಮೂಡಿ, ಯಾವ ಬೋಲ್ಟಿಗೂ ಪೂರ್ತಿ ಹಿಡಿತ ಸಿಗದಂತಾಗುತ್ತದೆ. ಅಂಥ ಫೋರ್ಕನ್ನು ಅನುಭವಸ್ಥ ಟರ್ನರನ ಲೇತಿಗೆ ಒಯ್ದು, ರಂಧ್ರವನ್ನು ಹಿರಿದುಮಾಡಿಸಿ ಒಳಗೆ ಉಕ್ಕಿನ ತೋಳು ಕೂರಿಸಿ, ಮೂಲದ ಥ್ರೆಡ್ಡನ್ನೇ ಮತ್ತೆ ಕೊರೆಸಬೇಕಾಗುತ್ತದೆ.